ಐದು ಮಹಡಿ

ರೂವಿಯ ಜೂನ್ ಬಿಸಿಲು ಗೋಡೆಯೊಳಗೂ ಬರುತ್ತದೆ.
ಏಸಿ ಕೆಮ್ಮುತ್ತ ಬಕೆಟ್ಟಿಗೆ ತೊಟ್ಟಿಕ್ಕುತ್ತದೆ.
ಅಂಥ ಶುಕ್ರವಾರ, ಆರಾಧನೆ ಮುಗಿಸಿ ಬಂದು
ಮೀನು ಸಾರಿನ ಮುಂದೆ ಕೂತಾಗ
ಎದುರು ಮನೆಯವರು ಬಂದು ಹೇಳಿದರು:
ಯೋತಾಮ, ನನ್ನ ಒಂಬತ್ತು ವರ್ಷದ ಮಗ,
ನಿನ್ನೆ ವಾಚ್‌ಮನ್ನನ್ನು ಮೂರು ಸಲ ಮೇಲಕ್ಕೆ ಕರೆಸಿದ್ದಾನೆ,
ಇಂಟರ್‌ಕಾಮಿನಲ್ಲಿ ನನ್ನ ದನಿ ಮಾಡಿ,
"ಏಯ್, ಜಲ್ದಿ ಊಪರ್ ಆವೋ."
ಲಿಫ್ಟು ಕೆಟ್ಟ ದಿನ.
ಮೂರು ಸಲ ಹತ್ತಿದ್ದಾನೆ ಮುದುಕ,
ಮೂರು ಸಲವೂ ಬಾಗಿಲ ಹಿಂದೆ ಕಿಸಿಕಿಸಿ ನಗು.

ಮರದ ಸ್ಕೇಲು ಕೈಗೆ ಬಂತು, ತಾನಾಗಿ.
ನನ್ನಪ್ಪನಿಗಾದರೆ ಬೆತ್ತ.
ಹಂಚಿನ ಕಾರ್ಖಾನೆಯ ಮೇಸ್ತ್ರಿ, ಸಭೆಯ ಹಿರಿಯ,
ಬೆತ್ತ ಬಿಟ್ಟವ ಮಗನನ್ನೇ ಬಿಟ್ಟ ಎನ್ನುತ್ತಿದ್ದರು.
ಶನಿವಾರ ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು,
ನನ್ನ ತಲೆಗೆ ಹಚ್ಚಿದ ಕೈಯಲ್ಲೇ.
ಹೊಡೆದ ಮೇಲೆ ಮೊಣಕಾಲೂರಿಸಿ ಪ್ರಾರ್ಥನೆ.
ಅವರ ಆಮೆನ್ ಒದ್ದೆ. ನನ್ನದು ಒಣ.
ಪ್ರೀತಿಯೇ ಅದು, ಅಲ್ಲವೆನ್ನಲಾರೆ.
ಆದರೆ ಯಾವ ತಪ್ಪಿಗೆ ಯಾವ ಏಟು
ಒಂದೂ ನೆನಪಿಲ್ಲ. ಎಣ್ಣೆಯ ವಾಸನೆ ಮಾತ್ರ.

ಯೋತಾಮ ಕೈ ಚಾಚಿ ನಿಂತ,
ಬೇಗ ಮುಗಿಸಿ ಎಂಬಂತೆ.
ಎರಡು ಏಟು, ಆಮೇಲೆ ಐಸ್‌ಕ್ರೀಮು, ಲೆಕ್ಕ ಚುಕ್ತಾ.
ವಿನೋದಿನಿ ಸೌಟು ಹಿಡಿದೇ ಕೇಳಿದಳು,
"ಆ 'ಏಯ್' ನಿಮ್ಮದೇ ಅಲ್ವಾ? ಅದಕ್ಕೆಷ್ಟು ಏಟು?"

ಸ್ಕೇಲು ಕೆಳಗಿಟ್ಟೆ.
ಕರುಣೆಯಿಂದಲ್ಲ, ಮೊದಲು ನಾಚಿಕೆಯಿಂದ.
ನಾನು ಕಲಿಸಿದ ಯಾವ ವಚನವನ್ನೂ
ಹುಡುಗ ಇಷ್ಟು ತಪ್ಪಿಲ್ಲದೆ ಒಪ್ಪಿಸಿರಲಿಲ್ಲ.
"ಚಪ್ಪಲಿ ಹಾಕು" ಎಂದೆ. ಅತ್ತದ್ದು ಆಗ.
"ಹೊಡೀರಿ ಅಪ್ಪಾ, ಕೆಳಗೆ ಬೇಡ."

ಇಳಿದೆವು. ಮೆಟ್ಟಿಲ ಕಂಬಿ ಕಾದ ಕಾವಲಿ.
ಮೆಟ್ಟಿಲಡಿಯ ಗೂಡಿನಲ್ಲಿ ಅವನು
ಮೊಣಕಾಲು ನೀವುತ್ತ ಕೂತಿದ್ದ.
ಯೋತಾಮನ ಬಾಯಿಂದ ಮಾಫ್ ಹೊರಟಿತು, ಅರ್ಧ.
ಅವನು ನಕ್ಕ, ಸರಿದು ಜಾಗ ಮಾಡಿದ,
ಡಬ್ಬಿಯಿಂದ ಎರಡು ಖರ್ಜೂರ ತೆಗೆದ.
ನಾನೂ ಹೇಳಬೇಕಿತ್ತು.
ಬಾಯಲ್ಲಿ ಖರ್ಜೂರವಿತ್ತು, ಅದೇ ನೆಪವಾಯಿತು.
ಸಂಜೆಯವರೆಗೆ ಅಪ್ಪ ಮಗ
ಅವನ ಬದಲು ನೀರಿನ ಕ್ಯಾನು ಹೊತ್ತೆವು,
ಮನೆಮನೆಗೆ, ಏದುಸಿರು ಬಿಡುತ್ತ.

ರಾತ್ರಿ ಪ್ರಾರ್ಥನೆ. ಮಗ ಕಣ್ಣು ಮುಚ್ಚಿ
ಊರಿನ ಅಜ್ಜಿ, ಕಳೆದುಹೋದ ಬೆಕ್ಕು, ಗಣಿತದ ಪರೀಕ್ಷೆ
ಎಲ್ಲ ಒಪ್ಪಿಸಿ, ತಡೆದ.
"ಕರ್ತನೇ, ಕೆಳಗಿನ ಅಂಕಲ್‌ನ ಕಾಲುನೋವು...
ಅಪ್ಪಾ, ಅವರ ಹೆಸರೇನು?"

ಹನ್ನೆರಡು ಶಿಷ್ಯರ ಹೆಸರು ಒಂದೇ ಉಸಿರಿಗೆ
ಹೇಳಿಸುವವ ನಾನು, ವಾರವಾರ,
ಇಪ್ಪತ್ತಮೂರು ಮಕ್ಕಳಿಂದ.
ಈ ಕಟ್ಟಡಕ್ಕೆ ಬಂದು ಆರು ವರ್ಷ.

"ಕಣ್ಣು ತೆಗೀಬೇಡ" ಎಂದೆ. "ಈಗ ಬರ್ತೇನೆ."
ಲಿಫ್ಟು ಇನ್ನೂ ಕೆಟ್ಟೇ ಇತ್ತು.