ಎರಡನೇ ಉಪ್ಪಿನ ಡಬ್ಬಿ

ಮೊದಲನೇ ರೋಬೋ ಬಾಗಿಲದಾಗ ಹಿಡಿಸಲೇ ಇಲ್ಲ.
ರಾಯಚೂರು ಗಂಜಿನ ಎದುರು ನಮ್ಮ ಖಾನಾವಳಿ ಕಟ್ಟಿದವರು
ಇಂಥಾ ಬೀಗರು ಬರ್ತಾರಂತ ನೆನಸಿದ್ದಿಲ್ಲ.
ಕಂಪನಿ ಹುಡುಗ ಹೊಸ್ತಿಲ ಅಳತಿ ಬರಕೊಂಡ,
ಬೆವರು ಒರಸಿಕೊಂಡ,
ಅದನ್ನ ಹಂಗೇ ಆಟೋದಾಗ ಮಲಗಿಸಿ ಬಂದ.

ಎರಡನೇದು ಒಳಗ ಬಂತು, ಗಾಲಿ ಮ್ಯಾಲ.
ವಾರ್ತಾ ಓದೋ ದನಿಯೊಳಗ
"ದಯವಿಟ್ಟು ಒಂದು ಚಮಚ ಲವಣವನ್ನು ಸೇರಿಸಿರಿ" ಅಂತು.
ಅಯ್ಯಮ್ಮ ಸೆರಗು ಸರಿಮಾಡಿಕೊಂಡಳು,
ಮನೀ ಗ್ಯಾಸಿನ ಕೆಂಪು ಸಿಲಿಂಡರಿಗೆ ಗೋಣಿಚೀಲ ಹೊದಿಸಿದಳು,
"ಸಾಹೇಬರು ತಪಾಸಣಿಗೆ ಬಂದಾರ, ಚಾ ಇಡು ಮಾಬಿ" ಅಂದಳು.
ಅರ್ಧ ತಾಸು ಅದರ ಮುಂದ ಕೈಕಟ್ಟಿ ನಿಂತಳು.
ಒಲಿ ಮ್ಯಾಲಿನ ಬ್ಯಾಳಿ ತಳ ಹಿಡೀತು.
ಅದು ಲವಣ ಲವಣ ಅಂತನೇ ಇತ್ತು.

ಮೂವತ್ತೊಂದು ವರ್ಷ ನಮ್ಮಿಬ್ಬರದು ಒಂದ ಒಲಿ.
ಆಕಿ ಬಡೀತಾಳ, ನಾ ಬೇಯಿಸ್ತೀನಿ.
ಹಮಾಲರು ಬಂದರ ದಪ್ಪ ರೊಟ್ಟಿ,
ದಲಾಲರು ಬಂದರ ತೆಳ್ಳಂದು,
ಆಕಿ ಅಂಗೈಗೆ ಈಗೂ ಗೊತ್ತೈತಿ.
ಎಷ್ಟು ಬಡಿದೆ, ಯಾರಿಗೆ, ಇವತ್ತು ಯಾವ ವಾರ,
ಅದೆಲ್ಲ ಅಂಗೈ ಕೆಲಸ ಅಲ್ಲ.
ಡಾಕ್ಟರು ಅದಕ್ಕೊಂದು ಹೆಸರು ಬರೆದುಕೊಟ್ಟಾರ;
ಚೀಟಿ ಹುಣಸಿಹಣ್ಣಿನ ಡಬ್ಬಿಯೊಳಗೈತಿ.

ಪುಂಡಿಪಲ್ಯಕ್ಕ ಆಕಿ ಉಪ್ಪು ಹಾಕ್ತಾಳ.
ಒಗ್ಗರಣಿ ಚಟಪಟ ಅನ್ನೋದರೊಳಗ ಮತ್ತ ಹಾಕ್ತಾಳ.
ಯಾರರ ಬಾಗಿಲಿಗೆ ಬಂದು ಮಾತಾಡಿಸಿ ಹೋದರ
ಮತ್ತೊಮ್ಮೆ.
ಅದಕ್ಕ ನಾನೊಂದು ಕಳ್ಳತನ ಮಾಡೀನಿ:
ಆಕಿ ಕೈಗೆ ಸಿಗೋ ಡಬ್ಬಿಯೊಳಗ ಅಕ್ಕಿರವಾ ತುಂಬಿಟ್ಟು
ಖರೇ ಉಪ್ಪು ನನ್ನ ಉಡಿಯೊಳಗ ಕಟಗೊಂಡು
ಆಕಿ ಆ ಕಡೆ ತಿರುಗಿದಾಗ ಚಿಟಿಕಿ ಹಾಕೋದು.
ಎರಡು ವರ್ಷಾತು. ಉಂಡವರು ಕೇಳಿಲ್ಲ.
"ಪಲ್ಯ ಈಚೀಚೆಗೆ ತುಸು ಗಟ್ಟಿ" ಅಂತಾರ, ಅಷ್ಟ.

ಮೂರನೇದು ಸಣ್ಣದು, ತತ್ರಾಣಿ ಗಾತ್ರದ ಗೊಂಬಿ.
ಕೈಯಂತ ಇಲ್ಲ, ಗ್ಯಾಸ್ ಬಂದ್ ಮಾಡಾಕ ಒಂದು ಬೆರಳು.
ಮಾತು ನಮ್ಮ ಕಡೀದು;
ಯಾರೋ ಸಿಂಧನೂರಿನ ಹೆಣ್ಣಮಗಳ ದನಿ ತುಂಬ್ಯಾರಂತ.
"ಹೇಳಿದ್ದ ಹೇಳಿದರೂ ಇದಕ್ಕ ಬ್ಯಾಸರಿಲ್ರಿ" ಅಂದ ಹುಡುಗ.
ನಾ ಕೇಳಿದ್ದು ಬ್ಯಾರೆ:
ಆಕಿ ತಪ್ಪಿದರ ಮಂದಿ ಮುಂದ ಹೇಳ್ತದೇನು?
ಅವ ಕಾಗದ ತಿರುವಿದ, ಮತ್ತ ತಿರುವಿದ.
ಅಂಥಾ ಪ್ರಶ್ನಿ ಅದರಾಗ ಇದ್ದಿಲ್ಲ.

ಅಯ್ಯಮ್ಮ ಡಬ್ಬಿ ತಗದಳು.
ಗೊಂಬಿ ಬಗ್ಗಿ ನೋಡಿತು.
"ಅವ್ವಾ, ಇದು ಉಪ್ಪಲ್ಲ. ರವಾ."

ನನ್ನ ಉಡಿಯೊಳಗಿನ ಗಂಟು ಕಲ್ಲಾತು.
ಆಕಿ ನಾಲಿಗಿ ತುದೀಗೆ ನಾಕು ಕಾಳು ಇಟಗೊಂಡಳು,
ನನ್ನ ನೋಡಿದಳು,
ಭಾಳ ದಿನದ ಮ್ಯಾಲ ಪೂರಾ ಹೆಸರು ಹಿಡಿದು:
"ಮಾಬುಬಿ, ಉಪ್ಪು ಎಲ್ಲಿಟ್ಟಿ?"

ಹೇಳಬೇಕಂತ ಬಾಯಿ ತಗದೆ.
ಅಷ್ಟರೊಳಗ ಗೊಂಬಿ ಕಡೆ ತಿರುಗಿದ್ದಳು:
"ಏ ಹುಡುಗಿ, ಹೊಸದಾಗಿ ಬಂದೀಯಾ?
ಮೂಲ್ಯಾಗ ಕುಂದ್ರು. ಕೈ ನೋಡು, ಬಾಯಿ ನೋಡಬ್ಯಾಡ.
ಮೊದಲು ಹಿಟ್ಟಿಗೆ ಎಸರು..."
ಅದು "ಹೂಂ" ಅಂತು. ಮೂಲಿಗೆ ಸರೀತು.
"ಮುಂದೇನವ್ವಾ?" ಅಂತ ಕೇಳಿತು.
ಮುಂದೇನಂತ ಆಕಿಗೆ ಗೊತ್ತಿತ್ತು.
ಆ ಪ್ರಶ್ನಿ ಆಕಿಗೆ ಯಾರೂ ಕೇಳಿ ಎರಡು ವರ್ಷಾಗಿತ್ತು,
ನಾನೂ.

ರೊಕ್ಕ ಎಣಿಸಿ ಕೊಟ್ಟೆ.
ಒಂದ ಒಂದು ಸುಳ್ಳು ಇದಕ್ಕ ಕಲಿಸಾಕ ಬರ್ತದೇನಪಾ?
"ಆ ಸೆಟ್ಟಿಂಗ್ ಇಲ್ರಿ ಚಾಚಿ" ಅಂದ.
ಹೆಬ್ಬಟ್ಟು ಒತ್ತಿದೆ.

ರಾತ್ರಿ ಡಬ್ಬಿ ತೊಳೆದು, ಒರಸಿ,
ಖರೇ ಉಪ್ಪು ತುಂಬಿದೆ.
ಮರುದಿನ ಗೊಂಬಿ ಮೆಲ್ಲಕ, ಕಿವಿಯೊಳಗ ಹೇಳಿದಂಗ,
"ಬಿದ್ದೈತವ್ವಾ" ಅಂತು.
ಎರಡು ಸಲ ಆಕಿ ಕೇಳಿದಳು.
ಮೂರನೇ ಸಲ "ನಂಗ ಕಲಿಸಾಕ ಬಂದೀ?" ಅಂದು
ಮುಷ್ಟಿ ತುಂಬ ಸುರಿದಳು.

ಪಲ್ಯ ಉಪ್ಪಂದ್ರ ಉಪ್ಪು.
ಹಮಾಲ ಬುಡ್ಡಪ್ಪ ಒಂದು ತುತ್ತು ನುಂಗಿ
ಒಳಗ ಹಣಿಕಿ ಹಾಕಿದ.
ಒಲಿ ಮುಂದ ಇಬ್ಬರು ಮುದುಕೇರು, ಒಂದು ಗೊಂಬಿ.
ಏನೂ ಅನ್ನಲಿಲ್ಲ.
ಮಜ್ಜಗಿ ಕೇಳಿದ. ಮತ್ತೊಂದು ರೊಟ್ಟಿ ಕೇಳಿದ.