ಎರಡು ಗೆಣ್ಣು

ದುಡ್ಡು ಬೇಡ, ಕಾನೂನು ಸೇವೆಯಿಂದ ಬಂದದ್ದಲ್ಲವಾ
ಎಂದು ವಕೀಲೆ ಮೈಮೂನಾ ಕಾಗದ ಮುಂದಿಟ್ಟರು.
ಇಲ್ಲಿ ಸಹಿ. ಎಡಗೈಯಾದರೂ ಅಡ್ಡಿಯಿಲ್ಲ.
ನಾನು ಸಹಿಯ ಜಾಗ ನೋಡಲಿಲ್ಲ.
ತೀರ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ,
ಚಂದ್ರಪ್ರಭಾ ಪ್ರೆಸ್, ಭವಂತಿ ರಸ್ತೆ.
ಈ ವಕಾಲತ್ತು ಫಾರಮು
ಸಾವಿರಗಟ್ಟಲೆ ಕತ್ತರಿಸಿದವ ನಾನೇ, ಮೇಡಂ.

ಹಾಜರಿ ಪುಸ್ತಕ?
ಇಲ್ಲ.
ಸಂಬಳದ ಚೀಟಿ?
ಶನಿವಾರ ಸಂಜೆ ಕವರು. ಮೇಲೆ ಪೆನ್ಸಿಲಿನಲ್ಲಿ ‘ಐತಪ್ಪ’.
ಇಎಸ್‌ಐ?
ಏಳೇ ಜನ ನಾವು, ಅದರಲ್ಲೊಬ್ಬ ಧಣಿಯ ಭಾವ.
ಫೋಟೊ ಏನಾದರೂ?
ಇದೆ. ಆಯುಧ ಪೂಜೆಯದು.
ಯಂತ್ರಕ್ಕೆ ಸೇವಂತಿಗೆ ಮಾಲೆ, ಅದರ ಹೆಗಲ ಮೇಲೆ ನನ್ನ ಕೈ,
ಐದು ಬೆರಳೂ ಎಣಿಕೆಗೆ ಸಿಗುವ ಹಾಗೆ.

ಆ ಯಂತ್ರ ಮಾಡಿದವ ಬುದ್ಧಿವಂತ.
ಮೊಳದಂತರದಲ್ಲಿ ಎರಡು ಗುಂಡಿ.
ಎರಡೂ ಒತ್ತಿದರೆ ಮಾತ್ರ ಅಲಗು ಬೀಳುವುದು,
ಅಂದರೆ ಎರಡು ಕೈಯೂ ಹೊರಗೆ.
ಮದುವೆ ಸೀಸನ್ನಿಗೆ ಅಷ್ಟು ಪುರುಸೊತ್ತು ಎಲ್ಲಿ?
ಎಡದ ಗುಂಡಿಗೆ ಮಡಚಿದ ರಟ್ಟು ಸಿಕ್ಕಿಸಿತ್ತು.
ಒಂದು ಕೈ ಒತ್ತಲಿ, ಒಂದು ಕೈ ಕಾಗದ ಸರಿಸಲಿ.
ವೈಶಾಖದ ಒಂದು ಮಧ್ಯಾಹ್ನ
ಯಾರದೋ ಮಗಳ ಲಗ್ನಪತ್ರಿಕೆ.
ಹಾಳಾದ ಎಂಬತ್ತು ಕಾರ್ಡಿನ ಲೆಕ್ಕ
ಪ್ರೆಸ್ಸಿನ ಪುಸ್ತಕದಲ್ಲಿದೆ.
ನನ್ನ ಹೆಸರು ಅದರಲ್ಲೂ ಇಲ್ಲ.

ವೆನ್ಲಾಕಿಗೆ ಧಣಿ ಬಂದಿದ್ದರು, ಸುಳ್ಳು ಹೇಳಬಾರದು.
ಎರಡು ಬೊಂಡ, ಹತ್ತು ಸಾವಿರ, ಒಂದು ಛಾಪಾ ಕಾಗದ.
ಇಲ್ಲೊಂದು ಸಹಿ ಹಾಕು ಮಾರಾಯ, ಮುಗಿಯಿತು.
ಬಲಗೈ ತಲೆದಿಂಬಿನಷ್ಟು ದಪ್ಪ ಇತ್ತು.
ಎಡಗೈಯಲ್ಲಿ ಬರುವುದಿಲ್ಲ ಧಣಿ, ಎಂದೆ.
ಆಗ ಬರುತ್ತಿರಲಿಲ್ಲ.
ಆಮೇಲೆ ಬೀಡಿ ಕಟ್ಟುವ ಮೊರದ ಪಕ್ಕ ಕೂತು
ಮಗಳ ಕಾಪಿ ಪುಸ್ತಕದಲ್ಲಿ ಕಲಿತೆ.

ಕಾಯ್ದೆಯಲ್ಲಿ ಬೆರಳಿಗೂ ದರಪಟ್ಟಿ ಉಂಟು.
ತೋರುಬೆರಳು ಪೂರ್ತಿ ಹೋದರೆ ನೂರಕ್ಕೆ ಹದಿನಾಲ್ಕು,
ಎರಡು ಗೆಣ್ಣಿಗೆ ಹನ್ನೊಂದು,
ತುದಿಯ ಗೆಣ್ಣು ಒಂದಕ್ಕೇ ಒಂಬತ್ತು.
ಹಾಗಾದರೆ ನನ್ನ ಎರಡನೆಯ ಗೆಣ್ಣಿಗೆ ಬರೇ ಎರಡಾ?
ಮೈಮೂನಾ ಮೇಡಂ ನಗಲಿಲ್ಲ.
ಆ ಬೆರಳಿನಿಂದ ಏನೇನು ಮಾಡುತ್ತಿದ್ದಿರಿ, ಎಲ್ಲ ಹೇಳಿ.

ಯಾರೂ ಕೇಳಿರಲಿಲ್ಲ.
ಕಾಗದದ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ
ಐದೈದಾಗಿ ಎಣಿಸುತ್ತಿದ್ದೆ, ರೀಮಿಗೆ ಒಂದು ಹಾಳೆ ತಪ್ಪುತ್ತಿರಲಿಲ್ಲ.
ಎಪ್ಪತ್ತು ಗ್ರಾಮಿನದೋ ಎಂಬತ್ತರದೋ
ಕಣ್ಣು ಮುಚ್ಚಿ ಹೇಳುತ್ತಿದ್ದೆ.
ಅನ್ನ ಬೆಂದಿದೆಯಾ ಎಂದು ಅಗುಳು ಹಿಚುಕುತ್ತಿದ್ದೆ.
ಅದು ಬರೆಯಬೇಡಿ.
ಅವರು ಬರೆದುಕೊಂಡರು.

ನೋಟೀಸಿಗೆ ಉತ್ತರ ಬಂತು.
ಒಂದು, ಈ ಮನುಷ್ಯ ನಮ್ಮ ಕೆಲಸದವನೇ ಅಲ್ಲ.
ಎರಡು, ಗುಂಡಿಗೆ ರಟ್ಟು ಸಿಕ್ಕಿಸಿದ್ದು ಇವನೇ.
ಮೇಡಂ ಈಗ ನಕ್ಕರು, ಚಾ ಚೆಲ್ಲುವಷ್ಟು.
ಎರಡರಲ್ಲಿ ಒಂದು ಆರಿಸಿಕೊಳ್ಳಲಿ ಐತಪ್ಪಣ್ಣ,
ಜಡ್ಜರ ಎದುರಿಗೇ.

ಮೂರನೆಯ ವಾಯಿದೆಯ ದಿನ
ಅವರ ಮೇಜಿನ ಮೇಲೆ ಹೊಸ ಫಾರಮಿನ ಕಟ್ಟು.
ಅಂಚು ಸವರಿದೆ, ಎಡಗೈಯ ಬೆರಳಿಗೆ ಇನ್ನೂ ಬುದ್ಧಿ ಸಾಲದು,
ಆದರೂ ತಿಳಿಯಿತು. ಕೂದಲೆಳೆಯಷ್ಟು ಓರೆ.
ಹೊಸಬ ಬಂದಿದ್ದಾನೆ, ಮೇಡಂ.
ಆ ರಟ್ಟು?
ನಮ್ಮ ಅರ್ಜಿಯೊಳಗೆ ಅದು ಬರುವುದಿಲ್ಲ, ಎಂದರು.
ಅದಕ್ಕೆ ಬೇರೆ ಇಲಾಖೆ, ಬೇರೆ ಕಾಗದ. ನಾಳೆ ಬರೆಯೋಣ.

ನಾಳೆಯವರೆಗೆ ತಡೆಯಲಾಗಲಿಲ್ಲ.
ಕೊಡಿಯಾಲಬೈಲಿನಿಂದ ನಡೆದೇ ಹೋದೆ.
ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ನಿಂತರೆ ಸಾಕು, ಕೇಳಿಸುತ್ತದೆ:
ಎರಡು ಗುಂಡಿಯಾದರೆ ಅಲಗು ಉಸಿರೆಳೆದು ಬೀಳುತ್ತದೆ,
ಒಂದಾದರೆ
ಬೀಳುತ್ತಲೇ ಇರುತ್ತದೆ.

ಬೀಳುತ್ತಲೇ ಇತ್ತು.

ಕೂಗಿದರೆ ಕೇಳದ ಸದ್ದು.
ಕಿಟಕಿಯ ಸರಳಿಗೆ ಬಲಗೈ ಎತ್ತಿ ಹಿಡಿದೆ,
ನೋಡು ತಮ್ಮಾ ಎಂಬಂತೆ, ಬೆರಳೆಲ್ಲ ಅಗಲಿಸಿ.
ಮೀಸೆ ಚಿಗುರುತ್ತಿದ್ದ ಹುಡುಗ ತಲೆ ಎತ್ತಿದ,
ಯಾರೋ ಗುರುತಿನವರೆಂದು ನಕ್ಕು
ಒಂದು ಕೈ ಬೀಸಿದ,
ಇನ್ನೊಂದರಲ್ಲಿ ಒತ್ತುತ್ತಾ.