ಹೆಸರು ಅಳಿಸಿದ ಜೌಗು

ಡುಲೂತಿನ ನೆಲಮಾಳಿಗೆ, ಶುಕ್ರವಾರ,
ಬಾಯ್ಲರು ಗೊಣಗುವ ಹೊತ್ತು,
ಮಾರ್ಲಿಸ್ ಕಾಗದ ಓದಿದಳು:
ಆ ಮೃಗ ಕಂಪನಿಯದು. ಮಂತ್ರ ಕಂಪನಿಯದು.
ಅದರ ಸುತ್ತ ನೀವು ಕಟ್ಟಿದ್ದೂ,
ಇನ್ನು ಮುಂದೆ ಕಟ್ಟುವುದೂ.

ಹತ್ತೊಂಬತ್ತು ವರ್ಷದ ಜೌಗು ಅದು.
ಅದಿರು ಹಡಗಿನ ಪಾಳಿ ಮುಗಿಸಿ ಬಂದು
ಒಂದೊಂದು ಹೊಂಡ ನಾವೇ ತೋಡಿದ್ದು;
ಜೆರಾಕ್ಸ್ ಮಾಡಿ, ಪಿನ್ನು ಹೊಡೆದು,
ಪ್ರತಿಗೆ ಮೂರು ಡಾಲರು.
ಲಾಭ? ಪಿಜ್ಜಾಕ್ಕೂ ಸಾಲುತ್ತಿರಲಿಲ್ಲ.

ಅಲ್ಲೇ, ಮೂರನೇ ಪುಟದ ಸೇತುವೆ ಕೆಳಗೆ
ಆರ್ಡೆಲ್‌ನ ಕಳ್ಳ ಸತ್ತದ್ದು:
ಇಪ್ಪತ್ತು ಮುಖದ ದಾಳ, ಬಿದ್ದದ್ದು ಒಂದು.
ಮರುವರ್ಷ ಆರ್ಡೆಲ್ ತಾನೂ ಹೋದ, ಆಸ್ಪತ್ರೆಯಲ್ಲಿ.
ನಕ್ಷೆಯಲ್ಲಿ ಗೋರಿ ಬರೆದವಳು ಮಾರ್ಲಿಸ್, ಹಸಿರು ಪೆನ್ನಿನಿಂದ.
ಅದೂ ಅವರದೇ? ಕಾಗದದಲ್ಲಿ ಹೇಳಿಲ್ಲ.
ಅಲ್ಲ ಅಂತಲೂ ಹೇಳಿಲ್ಲ.

ವಕೀಲರಿಗೆ ಕೊಡಲು ನಮ್ಮಲ್ಲೇನಿದೆ?
ಕಪ್ಪು ಮಾರ್ಕರು ತಂದೆವು.
ನಲವತ್ತು ಪ್ರತಿ, ಪುಟ ಪುಟ,
ಹೆಸರಿದ್ದಲ್ಲೆಲ್ಲ ಮಸಿ.
ಬೆರಳಿನ ಮಸಿ ಚಿಪ್ಸಿಗೂ ಹತ್ತಿತು.

ಆಮೇಲೆ ಆಟ.
ನೀರು ಕದಡಿತು. ಏನೋ ಎದ್ದಿತು.
"ಏನದು?" ಕೇಳಿದ ಹೊಸ ಹುಡುಗ ಆನ್ಸೆಲ್.
ಮಾರ್ಲಿಸ್ ಬಾಯಿ ತೆರೆದಳು, ಮುಚ್ಚಿದಳು.
"ಹೆಸರಿಲ್ಲ," ಅಂದಳು. "ನಿನ್ನನ್ನೇ ನೋಡುತ್ತಿದೆ."

ಎಷ್ಟು ಸಲ ಕೊಂದಿದ್ದೆ ಅದನ್ನು!
ಇವತ್ತು ಮೊದಲ ಸಲ ಭಯವಾಯಿತು.
ದಾಳಕ್ಕೆ ಕೈ ಚಾಚಿದೆ,
ಮೇಜಿನಡಿ ಉರುಳಿಹೋಗಿತ್ತು.